ಕಾರ್ಡ್ ಇದೆ, ಗಾಡಿ ಇಲ್ಲ

ನನ್ನ ಪರಿಚಯದ ನಿವೃತ್ತ ಸುಬೇದಾರರೊಬ್ಬರ ಬಲಗಣ್ಣಿನ ಪೊರೆ ತೆಗೆಯಲು ಡಾಕ್ಟರಿಗೆ ಹಿಡಿದದ್ದು ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷಕ್ಕಾಗಿ ಅವರು ಮಡಿಕೇರಿಗೆ ಮೂರು ಸಲ, ಮೈಸೂರಿಗೆ ಐದು ಸಲ ಹೋಗಿ ಬಂದರು.

ಅವರ ಮನೆ ಭಾಗಮಂಡಲದಿಂದ ಒಳಗೆ ಮೂರು ಕಿಲೋಮೀಟರ್. ವಯಸ್ಸು ಅರವತ್ತೆಂಟು. 1987ರಲ್ಲಿ ಶ್ರೀಲಂಕಾಕ್ಕೆ ಹೋದ ಶಾಂತಿಪಾಲನಾ ಪಡೆಯಲ್ಲಿದ್ದವರು. ಮೊದಲು ಮಡಿಕೇರಿಯಲ್ಲಿರುವ ಮಾಜಿ ಸೈನಿಕರ ಪಾಲಿಕ್ಲಿನಿಕ್ಕಿಗೆ ಹೋಗಿ ರೆಫರಲ್ ಬರೆಸಿಕೊಳ್ಳಬೇಕು. ಆಮೇಲೆ ಮೈಸೂರಿನ ಆಸ್ಪತ್ರೆಯಲ್ಲಿ ತಪಾಸಣೆ. ಎರಡನೇ ಸಲ ಹೋದಾಗ ಸಕ್ಕರೆ ಏರಿತ್ತು, ಇಳಿಸಿಕೊಂಡು ಬನ್ನಿ ಎಂದು ಕಳಿಸಿದರು. ಮೂರನೇ ಸಲ ಆಪರೇಷನ್. ರಾತ್ರಿ ಅಲ್ಲೇ ಉಳಿದು ಬೆಳಿಗ್ಗೆ ಪಟ್ಟಿ ಬಿಚ್ಚಿಸಿಕೊಂಡು ಹೊರಟರು. ವಾರ ಬಿಟ್ಟು ಒಮ್ಮೆ, ತಿಂಗಳು ಬಿಟ್ಟು ಕನ್ನಡಕಕ್ಕೆ ಇನ್ನೊಮ್ಮೆ. ಇದರಲ್ಲಿ ಯಾವುದೂ ಯಾರ ತಪ್ಪೂ ಅಲ್ಲ. ವೈದ್ಯರು ಒಳ್ಳೆಯವರು, ಕೆಲಸ ಚೆನ್ನಾಗಿ ಆಯಿತು.

ಆದರೆ ದಾರಿಯನ್ನು ನೋಡಿ. ಭಾಗಮಂಡಲದಿಂದ ಮಡಿಕೇರಿಗೆ ಸುಮಾರು 40 ಕಿ.ಮೀ., ಅಲ್ಲಿಂದ ಮೈಸೂರಿಗೆ ಸುಮಾರು 120. ಕತ್ತಲಲ್ಲೇ ಎದ್ದು ಪಕ್ಕದ ಮನೆಯ ಹುಡುಗನ ಬೈಕಿನ ಹಿಂದೆ ಕೂತು ಬಸ್ ಸ್ಟ್ಯಾಂಡ್ ಸೇರಬೇಕು. ಫಸ್ಟ್ ಬಸ್ ಹಿಡಿದು, ಮಡಿಕೇರಿಯಲ್ಲಿ ಇಳಿದು, ಇನ್ನೊಂದು ಹತ್ತಿ ಮೈಸೂರು ಮುಟ್ಟುವಷ್ಟರಲ್ಲಿ ಹನ್ನೊಂದು ಗಂಟೆ. ಟೋಕನ್ ಮುಗಿದಿರುತ್ತದೆ. ಹಾಗಾಗಿ ಎರಡನೇ ಸಲದಿಂದ ಹಿಂದಿನ ದಿನವೇ ಹೋಗಿ ನೆಂಟರ ಮನೆಯಲ್ಲಿ ಮಲಗುತ್ತಿದ್ದರು. ಆಪರೇಷನ್ ಆದ ಮರುದಿನ, ಆ ಕಣ್ಣಿಟ್ಟುಕೊಂಡು ಘಟ್ಟದ ತಿರುವುಗಳಲ್ಲಿ ಬಸ್ಸಿನಲ್ಲಿ ಕುಲುಕಾಡಿಕೊಂಡು ಬರುವುದು ಬೇಡವೇ ಬೇಡ ಎಂದು ಅವರ ಮನೆಯಾಕೆ, ನಾನು ಅಕ್ಕ ಎನ್ನುವವರು, ಹಠ ಹಿಡಿದು ಕಾರು ಮಾಡಿಸಿದರು. ಬಾಡಿಗೆ ಐದು ಸಾವಿರದ ಹತ್ತಿರ ಬಂತು.

ಹೆಂಗಸರಿಗೆ ಸರ್ಕಾರಿ ಬಸ್ ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ, ಅಂದರೆ 2023ರ ಜೂನ್ 11ರಿಂದ, ಅಕ್ಕನಿಗೆ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಜೊತೆಗೆ ಹೋಗುವವರ ಖರ್ಚು ಉಳಿಯಿತು ಎನ್ನುವುದು ಸಣ್ಣ ಮಾತಲ್ಲ. ಎಷ್ಟೋ ಸೈನಿಕರ ವಿಧವೆಯರು ಇವತ್ತು ಆಸ್ಪತ್ರೆಗೆ ಧೈರ್ಯವಾಗಿ ಹೊರಡುತ್ತಿರುವುದೂ ಅದರಿಂದಲೇ. ಸುಬೇದಾರರಿಗೆ ಹಿರಿಯ ನಾಗರಿಕರ ಶೇ. 25 ರಿಯಾಯಿತಿ ಇದೆ. ರೆಫರಲ್ ಮೇಲೆ ಬೇರೆ ಊರಿಗೆ ಹೋದವರಿಗೆ ನಿಯಮದ ಮಿತಿಯೊಳಗೆ ಪ್ರಯಾಣದ ಖರ್ಚನ್ನು ವಾಪಸು ಕೇಳಲು ಅವಕಾಶವೂ ಇದೆ. ಆದರೆ ಹಣ ಮೊದಲು ಅವರ ಕೈಯಿಂದಲೇ ಹೋಗಬೇಕು. ಆಮೇಲೆ ಚೀಟಿ, ಟಿಕೆಟ್ಟು, ಸಹಿ. ಆ ಕಾಗದಕ್ಕಾಗಿ ಇನ್ನೊಂದು ಸಲ ಮಡಿಕೇರಿ!

ಮೊನ್ನೆ ಸಿಕ್ಕಾಗ ಎಡಗಣ್ಣಿನ ವಿಷಯ ಕೇಳಿದೆ. "ಆಪರೇಷನ್‌ಗೆ ಒಂದು ಪೈಸೆ ಕೊಟ್ಟಿಲ್ಲ ಅಂತ ಎಲ್ಲರ ಹತ್ರವೂ ಹೇಳ್ತೀನಿ. ಅದು ನಿಜ. ಆದ್ರೆ ಎಡಗಣ್ಣು ಸದ್ಯಕ್ಕೆ ಬೇಡ ಅಂದಿದ್ದೀನಿ. ಇನ್ನೊಂದು ಸಲ ಅಷ್ಟು ಓಡಾಟ ಆಗಲ್ಲ" ಎಂದರು.

ಈ ವಾರ ನಾನು ಬರೆಯಲು ಕೂತದ್ದು ಆ ಮಾತಿನಿಂದಲೇ. ಚಿಕಿತ್ಸೆ ಇದೆ, ಹಾಸಿಗೆ ಇದೆ, ಡಾಕ್ಟರು ಇದ್ದಾರೆ, ದುಡ್ಡು ಸರ್ಕಾರದ್ದು. ಆದರೂ ಒಬ್ಬ ಮನುಷ್ಯ ಕಣ್ಣು ಮಂಜಾದರೂ ಪರವಾಗಿಲ್ಲ ಎಂದು ಮನೆಯಲ್ಲಿ ಕೂತಿದ್ದಾರೆ, ಹೋಗಿ ಬರುವುದಕ್ಕೆ ಆಗದೆ.

ಆ ಚಿಕಿತ್ಸೆ ಕೊಡಿಸುವ ಮಾಜಿ ಸೈನಿಕರ ಅಂಶದಾಯಿ ಆರೋಗ್ಯ ಯೋಜನೆ, ನಮ್ಮಲ್ಲಿ ಎಲ್ಲರೂ ಇಸಿಎಚ್‌ಎಸ್ ಎನ್ನುವುದು, 2003ರ ಏಪ್ರಿಲ್ 1ರಂದು ಶುರುವಾಯಿತು. ಪಿಂಚಣಿದಾರ ಒಮ್ಮೆ ವಂತಿಗೆ ಕಟ್ಟಿ ಕಾರ್ಡ್ ಪಡೆದರೆ ಅವರಿಗೂ ಅವರ ಹೆಂಡತಿಗೂ ಜೀವನಪೂರ್ತಿ ಚಿಕಿತ್ಸೆ. ಮೊದಲ ಹಂತಕ್ಕೆ ಪಾಲಿಕ್ಲಿನಿಕ್, ಅದರಾಚೆಗೆ ಸೇನಾ ಆಸ್ಪತ್ರೆ ಅಥವಾ ಒಪ್ಪಂದವಿರುವ ಖಾಸಗಿ ಆಸ್ಪತ್ರೆ. ಗೊತ್ತುಮಾಡಿದ ವಯಸ್ಸು ದಾಟಿದವರು ಈಗ ರೆಫರಲ್ ಇಲ್ಲದೆಯೇ ಒಪ್ಪಂದದ ಆಸ್ಪತ್ರೆಯ ತಜ್ಞರನ್ನು ನೇರವಾಗಿ ಕಾಣಬಹುದು. ತುರ್ತು ಸಂದರ್ಭದಲ್ಲಿ ಹತ್ತಿರದ ಯಾವ ಆಸ್ಪತ್ರೆಗಾದರೂ ಸೇರಬಹುದು. ಒಪ್ಪಂದವಿಲ್ಲದ ಆಸ್ಪತ್ರೆಯಾದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್ಕಿಗೆ ತಿಳಿಸಬೇಕು, ಇದನ್ನು ಮನೆಯ ಮಕ್ಕಳಿಗೂ ಹೇಳಿಟ್ಟಿರಿ. ಎಷ್ಟೋ ಮನೆಗಳನ್ನು ಸಾಲದಿಂದ ಉಳಿಸಿದ ಯೋಜನೆ ಇದು. ಕೊಡಗಿನಲ್ಲಿ ಮಡಿಕೇರಿಯಲ್ಲೊಂದು, ವಿರಾಜಪೇಟೆಯಲ್ಲೊಂದು ಪಾಲಿಕ್ಲಿನಿಕ್ ಇವೆ. ಕಾರ್ಯಪ್ಪ, ತಿಮ್ಮಯ್ಯನವರನ್ನು ಕೊಟ್ಟ ಪುಟ್ಟ ಜಿಲ್ಲೆಗೆ ಎರಡು ಇರುವುದು ನ್ಯಾಯವೇ.

ಆದರೆ ನಕ್ಷೆಯ ಮೇಲೆ ಕಾಣುವ ಕೊಡಗು ಬೇರೆ, ಜುಲೈ ತಿಂಗಳ ಕೊಡಗು ಬೇರೆ. ಇಲ್ಲಿ ರೈಲಿಲ್ಲ. ಇರುವುದು ರಸ್ತೆ, ಅದರ ಮೇಲೆ ಮಳೆ. ಕಾವೇರಿ ಉಕ್ಕಿದರೆ ಭಾಗಮಂಡಲ-ನಾಪೋಕ್ಲು ರಸ್ತೆ ನೀರಿನಡಿ ಹೋಗುತ್ತದೆ. 2018ರ ಆಗಸ್ಟಿನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಮಡಿಕೇರಿ-ಮಂಗಳೂರು ಹೆದ್ದಾರಿಯೇ ಮುಚ್ಚಿತ್ತು. ಮೈದಾನದ 40 ಕಿ.ಮೀ.ಗೆ ಮುಕ್ಕಾಲು ಗಂಟೆ ಸಾಕು. ನಮ್ಮ 40 ಕಿ.ಮೀ.ಗೆ ಬಸ್ ಕಾಯುವ ಹೊತ್ತು ಸೇರಿದರೆ ಅರ್ಧ ದಿನ. ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವವರೆಗೆ ಈ ಕಷ್ಟ ಯಾವ ಕಡತದಲ್ಲೂ ಕಾಣುವುದಿಲ್ಲ.

ಅಮೆರಿಕದಲ್ಲಿ 2018ರಲ್ಲಿ ಮಾಜಿ ಸೈನಿಕರ ಚಿಕಿತ್ಸೆಗಾಗಿ ಮಿಷನ್ ಆ್ಯಕ್ಟ್ ಎಂಬ ಕಾಯ್ದೆ ಬಂತು. ಅದರಡಿ ಮಾಡಿದ ನಿಯಮ ದೂರವನ್ನು ನಿಮಿಷಗಳಲ್ಲಿ ಅಳೆಯುತ್ತದೆ. ಸಾಮಾನ್ಯ ಚಿಕಿತ್ಸೆಗೂ ಮಾನಸಿಕ ಆರೋಗ್ಯಕ್ಕೂ ಸರಾಸರಿ 30 ನಿಮಿಷದ ಡ್ರೈವ್, ತಜ್ಞರಿಗೆ 60 ನಿಮಿಷ. ಅದಕ್ಕಿಂತ ಹೆಚ್ಚು ಬೇಕಾಗುವುದಾದರೆ ಮನೆಯ ಹತ್ತಿರದ ಖಾಸಗಿ ವೈದ್ಯರಲ್ಲಿ ಸರ್ಕಾರದ ಖರ್ಚಿನಲ್ಲಿ ತೋರಿಸಿಕೊಳ್ಳಬಹುದು. ಅರ್ಹರಾದವರಿಗೆ ಮೈಲಿಗೆ 41.5 ಸೆಂಟ್ ಲೆಕ್ಕದಲ್ಲಿ ದಾರಿ ಖರ್ಚೂ ಸಿಗುತ್ತದೆ. ಅವರ ಶ್ರೀಮಂತಿಕೆ ನಮಗಿಲ್ಲ, ಒಪ್ಪಿದೆ. ನನಗೆ ಹಿಡಿಸಿದ್ದು ಅವರ ದುಡ್ಡಿಗಿಂತ ಅವರ ವ್ಯಾನು.

ಡಿಸೇಬಲ್ಡ್ ಅಮೆರಿಕನ್ ವೆಟರನ್ಸ್ ಎಂಬುದು ಅಲ್ಲಿನ ಗಾಯಾಳು ಮಾಜಿ ಸೈನಿಕರ ಸಂಘ. ಸರ್ಕಾರ ಬಹಳ ಜನರ ಪ್ರಯಾಣ ಭತ್ಯೆಗೆ ಕತ್ತರಿ ಹಾಕಿದಾಗ, 1987ರಲ್ಲಿ, ಈ ಸಂಘ ತಾನೇ ಗಾಡಿ ಓಡಿಸಲು ನಿಂತಿತು. ಸಂಘ ವ್ಯಾನ್ ಕೊಂಡು ಮಾಜಿ ಸೈನಿಕರ ಆಸ್ಪತ್ರೆಗೆ ಕೊಡುತ್ತದೆ. ಓಡಿಸುವವರು ಸಂಬಳ ತೆಗೆದುಕೊಳ್ಳದ ಸ್ವಯಂಸೇವಕರು, ಅವರಲ್ಲಿ ಅನೇಕರು ತಾವೂ ಸೇನೆಯಲ್ಲಿದ್ದವರು. ಸುಮ್ಮನೆ ಯಾರಿಗೂ ಕೀಲಿ ಕೊಡುವುದಿಲ್ಲ, ಚಾಲಕರಿಗೆ ವೈದ್ಯಕೀಯ ತಪಾಸಣೆ ಕಡ್ಡಾಯ. ಯಾವ ದಿನ ಯಾರ ಅಪಾಯಿಂಟ್‌ಮೆಂಟ್, ಯಾರು ಯಾವ ದಾರಿಯಲ್ಲಿ ಸಿಗುತ್ತಾರೆ ಎಂದು ಸೀಟು ಹೊಂದಿಸುವ ಕೆಲಸಕ್ಕೆ ಆಸ್ಪತ್ರೆಯಲ್ಲಿ ಒಬ್ಬ ಸಂಯೋಜಕ ಇರುತ್ತಾರೆ. ವೀಲ್‌ಚೇರ್ ಬೇಕಾದವರಿಗೆ ಆ ವ್ಯಾನುಗಳು ಎಲ್ಲ ಕಡೆಯೂ ಆಗುವುದಿಲ್ಲ, ಅದೊಂದು ಕೊರತೆ. ಅಷ್ಟಿದ್ದರೂ ಮೂವತ್ತೈದು ವರ್ಷ ಮೀರಿ ಅದು ನಡೆದು ಬಂದಿದೆ.

ಇಲ್ಲಿ ಬೇಕಾದ್ದೂ ಇಷ್ಟೇ. ನಮ್ಮ 108 ಆಂಬುಲೆನ್ಸ್ 2008ರಿಂದ ಇದೆ, ಪುಕ್ಕಟೆ ಇದೆ, ಜೀವ ಉಳಿಸುತ್ತದೆ. ಅದು ಎದೆನೋವು ಬಂದ ರಾತ್ರಿಗೆ. ಸಕ್ಕರೆ ತೋರಿಸಲು, ಮಂಡಿಯ ಎಕ್ಸ್‌ರೇಗೆ, ತಿಂಗಳ ಮಾತ್ರೆಗೆ ಅದನ್ನು ಕರೆಯುವಂತಿಲ್ಲ, ಕರೆಯಲೂಬಾರದು. ಆಸ್ಪತ್ರೆಯಿಂದ ಬಿಟ್ಟ ಮೇಲೆ ಮನೆಗೆ ಬಿಡುವ ಗಾಡಿಯೂ ಅದಲ್ಲ. ಮುದುಕರ ಆಸ್ಪತ್ರೆ ಓಡಾಟದಲ್ಲಿ ಬಹುಪಾಲು ಇಂಥದ್ದೇ, ತುರ್ತಲ್ಲದ, ಆದರೆ ತಪ್ಪಿಸುವಂತೆಯೂ ಇಲ್ಲದ ಓಡಾಟ.

ಮೊದಲು ಕಡಿಮೆ ಮಾಡಬಹುದಾದ ಓಡಾಟವನ್ನು ಕಡಿಮೆ ಮಾಡೋಣ. ನವೆಂಬರ್ ಬಂದರೆ ಬದುಕಿದ್ದೇನೆ ಎಂದು ತೋರಿಸಲು ಬ್ಯಾಂಕಿಗೆ ಹೋಗಿ ಸಾಲು ನಿಲ್ಲುತ್ತಿದ್ದ ಕಾಲ ನೆನಪಿದೆಯೇ? ಜೀವನ್ ಪ್ರಮಾಣ್ ಬಂದ ಮೇಲೆ ಆ ಕೆಲಸ ಮನೆಯ ಜಗಲಿಯಲ್ಲಿ ಮೊಮ್ಮಗಳ ಮೊಬೈಲಿನಲ್ಲಿ ಮುಗಿಯುತ್ತದೆ. ಸೇನೆಯ ವೈದ್ಯರೊಂದಿಗೆ ವಿಡಿಯೊದಲ್ಲಿ ಮಾತನಾಡುವ 'ಸೇಹತ್' ಹೊರರೋಗಿ ಸೇವೆಯೂ 2021ರ ಮೇ ತಿಂಗಳಿಂದ ಇದೆ, ನಿವೃತ್ತರೂ ಬಳಸಬಹುದು. ನಮ್ಮ ಕಡೆ ನೆಟ್‌ವರ್ಕ್ ಸಿಗುವ ಬಂಡೆ ಹುಡುಕಬೇಕು ಎನ್ನುವುದು ಗೊತ್ತು. ಆದರೂ ಸಿಗುವ ಕಡೆ ಬಳಸಿ, ಮಕ್ಕಳು ಅಪ್ಪಂದಿರಿಗೆ ಕಲಿಸಿ.

ಉಳಿದ ಓಡಾಟಕ್ಕೆ ಗಾಡಿಯೇ ಬೇಕು. ವಾರಕ್ಕೆ ಒಂದು ದಿನ, ಗೊತ್ತಾದ ದಿನ, ಗೊತ್ತಾದ ದಾರಿಯಲ್ಲಿ ಒಂದು ವ್ಯಾನ್. ಮಂಗಳವಾರ ಭಾಗಮಂಡಲದ ದಾರಿ, ಬುಧವಾರ ಕುಟ್ಟದ ದಾರಿ, ಹೀಗೆ. ಆ ದಿನ ಆ ದಾರಿಯವರಿಗೆಂದು ಪಾಲಿಕ್ಲಿನಿಕ್ಕಿನಲ್ಲಿ ಹತ್ತು ಟೋಕನ್ ಎತ್ತಿಟ್ಟರೆ ಸಾಕು. ಮರಳುವಾಗ ಸೇನಾ ಕ್ಯಾಂಟೀನಿನ ಸಾಮಾನೂ ಅದರಲ್ಲೇ ಬಂದೀತು. ಮೈಸೂರಿಗೆ ತಿಂಗಳಿಗೆ ಎರಡು ಸಲ. ಸಂಸದರ, ಶಾಸಕರ ನಿಧಿಯಿಂದ ಆಂಬುಲೆನ್ಸ್ ಕೊಡಿಸುವುದನ್ನು ನಾವೆಲ್ಲ ನೋಡಿದ್ದೇವೆ. ತಪ್ಪಿಸಲಾಗದ ಇಂಥ ದಿನನಿತ್ಯದ ಓಡಾಟಕ್ಕೂ ಒಂದು ವ್ಯಾನ್ ಕೇಳೋಣ. ಪ್ರತಿ ಡಿಸೆಂಬರ್ 7ಕ್ಕೆ ಶಾಲೆ, ಕಚೇರಿಗಳಲ್ಲಿ ಸೈನಿಕರ ಧ್ವಜ ನಿಧಿಗೆ ಹಣ ಹಾಕುವ ನಮಗೆ ಅದನ್ನು ಕೇಳುವ ಹಕ್ಕಿದೆ. ಡೀಸೆಲ್ ಮತ್ತು ರಿಪೇರಿಯ ಹೊಣೆ ಯಾರದ್ದು ಎಂಬುದನ್ನು ಸೈನಿಕ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಯೂ ಮಾಜಿ ಸೈನಿಕರ ಸಂಘಗಳೂ ಮೊದಲೇ ಕೂತು ಬರೆದಿಡಬೇಕು. ಹಾಗೆ ಬರೆದಿಡದಿದ್ದರೆ ವ್ಯಾನ್ ಎರಡೇ ವರ್ಷದಲ್ಲಿ ಶೆಡ್ಡಿನಲ್ಲಿ ನಿಲ್ಲುತ್ತದೆ. ಚಾಲಕರಿಗೆ ಬರವಿಲ್ಲ. ಲಡಾಖಿನ ರಸ್ತೆಯಲ್ಲಿ ಲಾರಿ ಓಡಿಸಿ ನಲವತ್ತಕ್ಕೇ ನಿವೃತ್ತರಾಗಿ ಬಂದವರು ನಮ್ಮ ಊರೂರಲ್ಲೂ ಇದ್ದಾರೆ.

ವ್ಯಾನ್ ಬರುವವರೆಗೆ ಕಾಯುತ್ತಾ ಕೂರಲು ಸುಬೇದಾರರ ಎಡಗಣ್ಣಿಗೆ ಪುರುಸೊತ್ತಿಲ್ಲ. ಹಠ ಮಾಡಿ ಒಪ್ಪಿಸಿದ್ದೇನೆ. ಮುಂದಿನ ಗುರುವಾರ ಬೆಳಗಿನ ನಾಲ್ಕೂವರೆಗೆ ನನ್ನ ಕಾರು ಭಾಗಮಂಡಲದಿಂದ ಹೊರಡುತ್ತದೆ, ಚೇರಂಬಾಣೆ, ಮಡಿಕೇರಿ, ಕುಶಾಲನಗರದ ಮೇಲೆ. ಅವರೂ ಅಕ್ಕನೂ ಕೂತ ಮೇಲೆ ಇನ್ನೂ ಎರಡು ಸೀಟು ಖಾಲಿ. ಆ ದಾರಿಯಲ್ಲಿ ಅದೇ ದಿನ ಮೈಸೂರಿನ ಆಸ್ಪತ್ರೆಗೆ ಹೋಗಬೇಕಾದ ಮಾಜಿ ಸೈನಿಕರು ಇದ್ದರೆ ಮಂಗಳವಾರ ಸಂಜೆಯೊಳಗೆ ಈ ಪತ್ರಿಕೆಯ ಮಡಿಕೇರಿ ಕಚೇರಿಗೆ ಹೇಳಿ ಕಳಿಸಿ.