ಜಮೀನು ಒಂದೂರಲ್ಲಿ, ಮನೆ ಇನ್ನೊಂದೂರಲ್ಲಿ: ಬಡ್ಡಿಯಿಲ್ಲದ ಸಾಲಕ್ಕೆ ಈ ಬೇಲಿ ಯಾಕೆ?

ಮುಂಗಾರಿಗೆ ಮುಂಚೆ ಎಲ್ಲರೂ ಸೊಸೈಟಿ ಬಾಗಿಲಿಗೆ ಹೋಗೋ ಕಾಲ ಇದು. ಹಾಗಾಗಿ ಈ ಸಲ ಬೆಳೆ ವಿಷಯ ಬಿಟ್ಟು ಸಾಲದ ವಿಷಯ ಬರೀತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತು ಮಾಡ್ಕೊಂಡು ಓದಿ.

ನನ್ನ ಮಾತು ಮೊದಲೇ ಹೇಳಿಬಿಡ್ತೀನಿ. ಸೊಸೈಟಿಯಲ್ಲಿ ಸಿಗೋ ಬಡ್ಡಿಯಿಲ್ಲದ ಬೆಳೆಸಾಲದ ಬಡ್ಡಿ ಸೊಸೈಟಿಯವರ ಜೇಬಿಂದ ಬರೋದಲ್ಲ. ನಾವು ಕಟ್ಟದ ಬಡ್ಡಿಯನ್ನು ರಾಜ್ಯ ಸರ್ಕಾರ ತುಂಬಿಕೊಡುತ್ತೆ, ಕೇಂದ್ರದ ಪಾಲೂ ಅದರಲ್ಲಿದೆ. ಅಂದ್ರೆ ಅದು ರೈತನಿಗೆ ಅಂತ ಇಟ್ಟ ಸರ್ಕಾರದ ದುಡ್ಡು. ರೈತ ಯಾವ ಸೊಸೈಟಿಗೆ ಹೋದ್ರೆ ಆ ದುಡ್ಡೂ ಅಲ್ಲಿಗೆ ಹೋಗ್ಬೇಕು. ಈಗ ಆಗ್ತಿರೋದು ಉಲ್ಟಾ. ದುಡ್ಡು ಸೊಸೈಟಿ ಗಡಿಯೊಳಗೆ ಕೂತಿದೆ, ರೈತನೇ ಆ ಗಡಿಗೆ ತಕ್ಕಂತೆ ಬದುಕಬೇಕು.

ಮೊಬೈಲ್ ವಿಷಯ ನೆನಪು ಮಾಡ್ಕೊಳ್ಳಿ. 2011ರ ಜನವರಿಯಿಂದ ದೇಶದಲ್ಲೆಲ್ಲ ನಂಬರ್ ಉಳಿಸಿಕೊಂಡು ಕಂಪನಿ ಬದಲಾಯಿಸಬಹುದು ಅಂತ ಆಯ್ತು. ಆಗ ಅದಕ್ಕೂ ಒಂದು ಗಡಿ ಇತ್ತು, ಕರ್ನಾಟಕದ ನಂಬರು ಕರ್ನಾಟಕದೊಳಗೇ ಬದಲಾಗ್ಬೇಕಿತ್ತು. 2015ರ ಜುಲೈಯಲ್ಲಿ ಆ ಗಡಿಯನ್ನೂ ತೆಗೆದ್ರು. ಸಿಗ್ನಲ್ ಸರಿ ಇಲ್ಲ ಅಂದ್ರೆ ಒಂದು ಮೆಸೇಜ್ ಹಾಕಿ ಬೇರೆ ಕಂಪನಿಗೆ ಹೋಗ್ತೀವಿ. ಸೊಸೈಟಿ ಸರಿ ಇಲ್ಲ ಅಂದ್ರೆ ಎಲ್ಲಿಗೆ ಹೋಗೋದು?

ಈ ಸಾಲದಿಂದ ಎಷ್ಟು ಉಳಿಯುತ್ತೆ ಅಂತ ಮೊದಲು ಲೆಕ್ಕ ಹಾಕೋಣ. ಕಮರ್ಷಿಯಲ್ ಬ್ಯಾಂಕಿನಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲಕ್ಕೆ 3 ಲಕ್ಷದವರೆಗೆ ಶೇ. 7 ಬಡ್ಡಿ. ವಾಯಿದೆಯೊಳಗೆ ಕಟ್ಟಿದ್ರೆ ಶೇ. 3 ರಿಯಾಯಿತಿ, ಕೊನೆಗೆ ಶೇ. 4 ಬೀಳುತ್ತೆ. ಸೊಸೈಟಿಯಲ್ಲಿ ವಾಯಿದೆಯೊಳಗೆ ಕಟ್ಟಿದ್ರೆ ಸೊನ್ನೆ. ಒಂದು ಲಕ್ಷಕ್ಕೆ ವರ್ಷಕ್ಕೆ 4,000, ಮೂರು ಲಕ್ಷಕ್ಕೆ 12,000 ರೂಪಾಯಿ ವ್ಯತ್ಯಾಸ. ಈ ಬಡ್ಡಿಯಿಲ್ಲದ ಸಾಲದ ಮಿತಿಯನ್ನು 2023-24ರ ಬಜೆಟ್ಟಿನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದ್ರು. ನಮ್ಮಂಥ ಸಣ್ಣ ಹಿಡುವಳಿಯವರಿಗೆ 4,000 ಅಂದ್ರೆ ಒಂದು ಬೆಳೆಯ ಗೊಬ್ಬರದ ಖರ್ಚಲ್ಲಿ ದೊಡ್ಡ ಪಾಲು. ಸಣ್ಣ ಮಾತಲ್ಲ.

ಆದ್ರೆ ಇದು ಸಿಗ್ಬೇಕಾದ್ರೆ ನೀವು ಸೊಸೈಟಿ ಸದಸ್ಯರಾಗ್ಬೇಕು. ಪ್ರತಿ ಸೊಸೈಟಿಗೂ ಬೈಲಾದಲ್ಲಿ ಇಂತಿಂಥ ಹಳ್ಳಿಗಳು ಅಂತ ಕಾರ್ಯವ್ಯಾಪ್ತಿ ಬರೆದಿರ್ತಾರೆ. ಮನೆ, ಜಮೀನು, ರೇಷನ್ ಕಾರ್ಡು ಎಲ್ಲಾ ಒಂದೇ ಊರಲ್ಲಿ ಇರೋರಿಗೆ ಈ ಗೆರೆ ಇದೆ ಅಂತಾನೇ ಗೊತ್ತಾಗಲ್ಲ. ಗೆರೆಯ ಎರಡೂ ಕಡೆ ಕಾಲಿಟ್ಟವರನ್ನು ಕೇಳ್ಬೇಕು.

ನನ್ನ ತಂಗಿ ವಿಷಯವನ್ನೇ ಹೇಳ್ತೀನಿ. ನಮ್ಮಲ್ಲಿ ಭಾಗ ಆದಾಗ ಅವಳ ಹೆಸರಿಗೆ ಎರಡು ಎಕರೆ ಖಾತೆ ಆಯ್ತು. ಅವಳ ಗಂಡನ ಮನೆ ಒಂಬತ್ತು ಕಿಲೋಮೀಟರ್ ಆಚೆ, ಪಕ್ಕದ ತಾಲೂಕು, ಜಿಲ್ಲೆ ಒಂದೇ. ಗಂಡ ಹೆಂಡ್ತಿ ಬೈಕಲ್ಲಿ ಬಂದು ರಾಗಿ, ಅವರೆ ಬೆಳೀತಾರೆ, ನಲವತ್ತು ತೆಂಗಿನ ಮರ ನೋಡ್ಕೋತಾರೆ. ಬೆಳೆಸಾಲ ಕೇಳೋಕೆ ಜಮೀನಿರೋ ಊರಿನ ಸೊಸೈಟಿಗೆ ಹೋದ್ಲು. "ನೀವೀಗ ಈ ಊರಿನವರಲ್ಲವಲ್ಲಮ್ಮ, ಆಧಾರು, ರೇಷನ್ ಕಾರ್ಡು ಎಲ್ಲಾ ಅಲ್ಲಿಯದು, ಅಲ್ಲೇ ಕೇಳಿ" ಅಂದ್ರು. ಗಂಡನ ಊರಿನ ಸೊಸೈಟಿಗೆ ಹೋದ್ಲು. "ಪಹಣಿ ನಮ್ಮ ವ್ಯಾಪ್ತಿದಲ್ಲ ಕಣಮ್ಮ, ನಾವು ಹೇಗೆ ಕೊಡೋದು" ಅಂದ್ರು. ಇಬ್ಬರೂ ಮರ್ಯಾದೆಯಿಂದಲೇ ಮಾತಾಡಿದ್ರು, ಇಬ್ಬರೂ ಬೈಲಾ ತೋರಿಸಿದ್ರು. ಕೊನೆಗೆ ಬ್ಯಾಂಕಿನಲ್ಲಿ ಒಡವೆ ಇಟ್ಟು 80 ಸಾವಿರ ತಂದ್ಲು, ನೂರಕ್ಕೆ ಹತ್ತರ ಬಡ್ಡಿ. ವರ್ಷಕ್ಕೆ 8,000. ಅದೇ ಎರಡು ಎಕರೆ ನನ್ನ ಹೆಸರಲ್ಲೇ ಉಳಿದಿದ್ರೆ ಆ ಸಾಲ ಬಡ್ಡಿಯಿಲ್ಲದೆ ಸಿಗ್ತಿತ್ತು.

ಇದನ್ನ ಒಬ್ಬಳ ಕಥೆ ಅಂದ್ಕೋಬೇಡಿ. ಕರ್ನಾಟಕದಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ 1994ರಲ್ಲೇ ಸಮಪಾಲು ಬಂತು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದ ಮೇಲೆ ಮದುವೆಯಾದವರಿಗೂ ಸಿಕ್ತು. ಹೆಣ್ಣುಮಕ್ಕಳ ಜಮೀನು ತವರಲ್ಲಿ, ವಾಸ ಗಂಡನ ಮನೆಯಲ್ಲಿ, ಅದೇ ನಮ್ಮ ಪದ್ಧತಿ. ಕಾನೂನು ಪಾಲು ಕೊಡ್ತು, ಸೊಸೈಟಿ ಗೆರೆ ಆ ಪಾಲಿನ ಮೇಲೆ ಸಾಲ ಹುಟ್ಟದ ಹಾಗೆ ಮಾಡ್ತು. ಆಮೇಲೆ ನಾವೇ "ಹೆಣ್ಣುಮಕ್ಕಳಿಗೆ ಜಮೀನು ಕೊಟ್ರೆ ಅವರು ಏನು ಮಾಡ್ತಾರೆ, ಮಾರ್ತಾರೆ ಅಷ್ಟೇ" ಅಂತೀವಿ. ಬಡ್ಡಿಯಿಲ್ಲದ ಸಾಲ ಅಣ್ಣನಿಗೆ, ಒಡವೆ ಸಾಲ ತಂಗಿಗೆ ಅಂತಾದ್ರೆ ಮಾರದೆ ಇನ್ನೇನು ಮಾಡ್ತಾರೆ?

ಗೆರೆ ಹಾಕಿದೋರು ಮೂರ್ಖರಲ್ಲ, ಅದನ್ನೂ ಹೇಳ್ಬೇಕು. ಒಂದೇ ಜಮೀನು ತೋರಿಸಿ ಎರಡು ಮೂರು ಕಡೆ ಸಾಲ ಎತ್ತೋರು ಇದ್ರು, ಈಗಲೂ ಇದ್ದಾರೆ. ಊರಿನವರಾದ್ರೆ ಸೆಕ್ರೆಟರಿಗೆ ಗೊತ್ತಿರುತ್ತೆ, ವಸೂಲಿಗೆ ಮನೆ ಬಾಗಿಲು ಗೊತ್ತಿರುತ್ತೆ. ಇನ್ನೊಂದು ಕಾರಣ ದುಡ್ಡಿನ ಅಭಾವ. ಸೊಸೈಟಿಗೆ ಡಿಸಿಸಿ ಬ್ಯಾಂಕಿಂದ, ಅದಕ್ಕೆ ಅಪೆಕ್ಸ್ ಬ್ಯಾಂಕಿಂದ, ಅಪೆಕ್ಸಿಗೆ ನಬಾರ್ಡಿಂದ ಕಡಿಮೆ ಬಡ್ಡಿ ದುಡ್ಡು ಬರ್ಬೇಕು. 2023-24ರಲ್ಲಿ ನಮ್ಮ ರಾಜ್ಯಕ್ಕೆ ನಬಾರ್ಡ್ ಕೊಟ್ಟಿದ್ದ ರಿಯಾಯಿತಿ ಮಿತಿ 5,600 ಕೋಟಿ, 2024-25ಕ್ಕೆ ಅದು 2,340 ಕೋಟಿಗೆ ಇಳೀತು. ಮುಖ್ಯಮಂತ್ರಿಗಳು ದೆಹಲಿಗೆ ಹೋಗಿ ಹಣಕಾಸು ಸಚಿವರನ್ನು ಕೇಳಿಕೊಂಡು ಬಂದಿದ್ದು ಎಲ್ಲರಿಗೂ ಗೊತ್ತು. ಹಳೇ ಸದಸ್ಯರಿಗೇ ಸಾಲ್ತಿಲ್ಲ ಅಂದಾಗ ಹೊಸಬರನ್ನು ಹೊರಗಿಡೋಕೆ ಗಡಿ ಒಳ್ಳೇ ನೆಪ ಆಗುತ್ತೆ. ಸೆಕ್ರೆಟರಿನ ಬೈದು ಪ್ರಯೋಜನ ಇಲ್ಲ.

ಆದ್ರೆ ಬ್ಯಾಂಕುಗಳಿಗೂ ಇಂಥದ್ದೇ ಬೇಲಿ ಇತ್ತು ಅನ್ನೋದು ನೆನಪಿರಲಿ. 1989ರಲ್ಲಿ ರಿಸರ್ವ್ ಬ್ಯಾಂಕು ಸೇವಾ ಕ್ಷೇತ್ರ ಅಂತ ಮಾಡಿ ಹಳ್ಳಿ ಕಡೆಯ ಒಂದೊಂದು ಶಾಖೆಗೆ 15ರಿಂದ 25 ಹಳ್ಳಿ ಹಂಚಿತ್ತು. ನಿಮ್ಮ ಊರು ಯಾವ ಶಾಖೆಗೆ ಸೇರಿದ್ಯೋ ಅಲ್ಲೇ ಸಾಲ. 2004ರ ಡಿಸೆಂಬರ್‌ನಲ್ಲಿ, ಸರ್ಕಾರಿ ಯೋಜನೆಗಳನ್ನು ಬಿಟ್ಟು ಉಳಿದ ಸಾಲಕ್ಕೆ ಆ ಬೇಲಿ ತೆಗೆದ್ರು, ರೈತ ತನಗೆ ಬೇಕಾದ ಶಾಖೆಗೆ ಹೋಗಬಹುದು ಅಂದ್ರು. 2015ರ ಜನವರಿಯಲ್ಲಿ ಇನ್ನೊಂದು ಸುತ್ತೋಲೆ ಬಂತು. ಹಳ್ಳಿ, ಸಣ್ಣ ಪಟ್ಟಣಗಳಲ್ಲಿ ಸಾಲ ಕೇಳೋ ವ್ಯಕ್ತಿಗಳಿಂದ ಬ್ಯಾಂಕುಗಳು ನೋ ಡ್ಯೂ ಸರ್ಟಿಫಿಕೇಟ್ ಕೇಳೋದು ಬೇಡ, ಹಳೇ ಸಾಲದ ವಿವರ ತಾವೇ ನೋಡ್ಕೊಳ್ಳಲಿ, ರೈತನಿಂದ ಸ್ವಯಂ ಘೋಷಣೆ ತಗೊಳ್ಳಲಿ ಅಂತ. ಯೋಜನೆಯ ನಿಯಮದಲ್ಲೇ ಕೇಳಿದ್ರೆ ಮಾತ್ರ ಬೇರೆ ಮಾತು. ಇಷ್ಟೆಲ್ಲಾ ಆಗಿ ಆಕಾಶ ಏನೂ ಕಳಚಿ ಬೀಳಲಿಲ್ಲ. ಈಗಲೂ ಕೆಲವು ಕಡೆ ಮ್ಯಾನೇಜರು "ನಿಮ್ಮೂರ ಶಾಖೆಗೆ ಹೋಗಿ", "ಸುತ್ತಲಿನ ಹತ್ತು ಬ್ಯಾಂಕಿಂದ ನೋ ಡ್ಯೂ ತನ್ನಿ" ಅಂತಾರೆ. ಹಾಗಂದ್ರೆ ಜಗಳ ಆಡಬೇಡಿ. "ಸರ್, ಸಾಲ ಕೊಡಲ್ಲ ಅನ್ನೋ ಕಾರಣ ಬರವಣಿಗೆಯಲ್ಲಿ ಕೊಡಿ" ಅಂತ ಅರ್ಜಿ ಕೊಟ್ಟು ಸೀಲು ಹಾಕಿಸ್ಕೊಳ್ಳಿ. ಬಹಳ ಸಲ ಅಷ್ಟಕ್ಕೇ ಮಾತು ಬದಲಾಗುತ್ತೆ.

ಬ್ಯಾಂಕಿಗೆ ಬೇಲಿ ತೆಗೆಯೋಕೆ ಆದ್ರೆ ಸೊಸೈಟಿ ಸಾಲಕ್ಕೆ ಯಾಕಾಗಲ್ಲ? ಒಂದೇ ಜಮೀನಿಗೆ ಎರಡು ಸಾಲ ತಡೆಯೋಕೆ ಈಗ ಊರಿನ ಗೆರೆ ಬೇಕಾಗಿಲ್ಲ. ಫ್ರೂಟ್ಸ್‌ನಲ್ಲಿ ಎಫ್‌ಐಡಿ ನಂಬರ್ ಹಾಕಿದ್ರೆ ರೈತನ ಸರ್ವೆ ನಂಬರುಗಳು ಯಾವ ತಾಲೂಕಲ್ಲಿದ್ರೂ ಕಾಣುತ್ತೆ. ಸಾಲದ ಬೋಜಾ ಪಹಣಿಯಲ್ಲೇ ಕೂರುತ್ತೆ, ಪಹಣಿ ಎಲ್ಲಿಂದ ಬೇಕಾದ್ರೂ ತೆಗೆದು ನೋಡಬಹುದು. ದೇಶದ 63,000 ಸೊಸೈಟಿಗಳಿಗೆ ಕಂಪ್ಯೂಟರ್ ಹಾಕಿಸೋಕೆ ಅಂತ 2022ರಲ್ಲಿ ಕೇಂದ್ರ 2,516 ಕೋಟಿಯ ಯೋಜನೆ ಒಪ್ಪಿತು. ಅಷ್ಟು ಖರ್ಚು ಮಾಡಿ ಹಳೇ ಲೆಡ್ಜರನ್ನೇ ಪರದೆ ಮೇಲೆ ಹತ್ತಿಸಿದ್ರೆ ಏನು ಬಂತು?

ನಾನು ಕೇಳೋದು ಮೂರೇ.

ಒಂದು, ವಾಸ ಅಥವಾ ಜಮೀನು, ಎರಡರಲ್ಲಿ ಒಂದು ಸೊಸೈಟಿ ವ್ಯಾಪ್ತಿಯಲ್ಲಿದ್ರೆ ಸಾಕು ಅಂತ ಬೈಲಾದಲ್ಲಿ ಸ್ಪಷ್ಟವಾಗಿ ಬರೀಲಿ. ಸೆಕ್ರೆಟರಿಯ ಮರ್ಜಿಗೆ ಬಿಡೋದು ಬೇಡ.

ಎರಡು, ಸೊಸೈಟಿ ಬದಲಾಯಿಸಬೇಕು ಅನ್ನೋರಿಗೆ ದಿನ ನಿಗದಿ ಮಾಡಲಿ. ಅರ್ಜಿ ಕೊಟ್ಟ 30 ದಿನದೊಳಗೆ ಹಳೇ ಸೊಸೈಟಿ ಲೆಕ್ಕ ಕಳಿಸಬೇಕು, ಷೇರು ಹಣ ವಾಪಸ್ ಕೊಡಬೇಕು, ಬೋಜಾ ಇಳಿಸಬೇಕು. ಓಡಾಟ ಸೊಸೈಟಿಗಳದ್ದು, ರೈತನದ್ದಲ್ಲ.

ಮೂರು, ಬಡ್ಡಿ ಸಹಾಯ ಮತ್ತು ಸಾಲದ ಮಿತಿ ಎಫ್‌ಐಡಿ ಜೊತೆ ಸಾಗಲಿ. ಒಂದೇ ಜಿಲ್ಲೆಯೊಳಗೆ ಇದು ಕಷ್ಟ ಅಲ್ಲವೇ ಅಲ್ಲ. ನನ್ನ ಸೊಸೈಟಿಗೂ ತಂಗಿಯ ಊರಿನ ಸೊಸೈಟಿಗೂ ದುಡ್ಡು ಬರೋದು ಅದೇ ಡಿಸಿಸಿ ಬ್ಯಾಂಕಿಂದ. ಕೆರೆ ಒಂದೇ, ತೂಬೂ ಒಂದೇ, ಕಾಲುವೆ ಮಾತ್ರ ಬೇರೆ.

ಹಾಗೆ ಮಾಡಿದ್ರೆ ಸಣ್ಣ ಸೊಸೈಟಿ ಖಾಲಿ ಆಗುತ್ತೆ, ಒಳ್ಳೇ ಸದಸ್ಯರೆಲ್ಲ ದೊಡ್ಡ ಸೊಸೈಟಿಗೆ ಹೋಗ್ತಾರೆ ಅಂತ ನಮ್ಮ ಹೋಬಳಿಯ ಒಬ್ಬ ಹಿರಿಯ ನಿರ್ದೇಶಕರು ಹೇಳಿದ್ರು. ಆ ಭಯ ಸುಳ್ಳಲ್ಲ. ಆದ್ರೆ ಮನೆ ಹತ್ತಿರದ ಸೊಸೈಟಿ ಬಿಟ್ಟು ಒಂಬತ್ತು ಕಿಲೋಮೀಟರ್ ಯಾರೂ ಸುಮ್ಮನೆ ಹೋಗಲ್ಲ. ಗೊಬ್ಬರ ಸಿಗ್ತಿಲ್ಲ, ರಿನ್ಯೂವಲ್ ಟೈಮಿಗೆ ಆಗ್ತಿಲ್ಲ, ಚುನಾವಣೆಯಲ್ಲಿ ಆ ಕಡೆ ಇದ್ದ ಅಂತ ಅರ್ಜಿ ಪಕ್ಕಕ್ಕಿಡ್ತಾರೆ, ಇಂಥದ್ದಾದಾಗ ಹೋಗ್ತಾರೆ. ಹೋಗೋಕೆ ದಾರಿ ಇದೆ ಅಂತ ಗೊತ್ತಾದ್ರೆ ಇರೋ ಸೊಸೈಟಿಯೇ ಸರಿಹೋಗುತ್ತೆ. ಓಟಿನ ಹಕ್ಕು, ಆಡಳಿತ ಎಲ್ಲಾ ಊರಿನವರದ್ದೇ ಇರಲಿ, ನನ್ನ ತಕರಾರಿಲ್ಲ.

ಇದೆಲ್ಲ ಆಗೋವರೆಗೆ ಬ್ಯಾಂಕಿಗೋ ಬೇರೆ ಸೊಸೈಟಿಗೋ ಬದಲಾಗೋರು ನಾಲ್ಕು ವಿಷಯ ನೋಡ್ಕೊಳ್ಳಿ. ಹೊಸ ಕಡೆ ಸಾಲ ಕೊಡ್ತೀವಿ ಅಂತ ಖಾತ್ರಿ ಆಗದೆ ಹಳೇದನ್ನು ಕ್ಲೋಸ್ ಮಾಡ್ಬೇಡಿ, ಎಷ್ಟೋ ಜನ ಇಲ್ಲಿ ಕಟ್ಟಿ ಅಲ್ಲಿ ಸಿಗದೆ ಬಿತ್ತನೆ ಟೈಮಲ್ಲಿ ಕೈಸಾಲಕ್ಕೆ ಹೋಗಿದ್ದಾರೆ. ವಾಯಿದೆ ದಾಟಿಸಬೇಡಿ, ದಾಟಿದ್ರೆ ಸೊನ್ನೆ ಬಡ್ಡಿ ಅನ್ನೋದು ಇರಲ್ಲ. ಸಾಲ ತೀರಿದ ಮೇಲೆ ಪಹಣಿ ತೆಗೆಸಿ ಋಣದ ಕಾಲಂ ಖಾಲಿ ಆಗಿದ್ಯಾ ಅಂತ ಕಣ್ಣಾರೆ ನೋಡಿ. ಹೊಸ ಖಾತೆಗೆ ಆಧಾರ್ ಜೋಡಿಸಿದ್ರೆ ಆಧಾರ್ ಮೇಲೆ ಬರೋ ಸರ್ಕಾರದ ದುಡ್ಡು ಆ ಖಾತೆಗೆ ಹೋಗುತ್ತೆ, ಹಳೇ ಪಾಸ್‌ಬುಕ್ ಹಿಡ್ಕೊಂಡು "ದುಡ್ಡು ಬರಲಿಲ್ಲ" ಅಂತ ಅಲೀಬೇಡಿ.

ಸೆಪ್ಟೆಂಬರ್‌ನಲ್ಲಿ ಎಲ್ಲಾ ಸೊಸೈಟಿಗಳ ವಾರ್ಷಿಕ ಮಹಾಸಭೆ ಇರುತ್ತೆ. ನಾವು ಹೋಗಿ ಊಟ ಮಾಡಿ, ಸಹಿ ಹಾಕಿ ಬರ್ತೀವಿ. ಈ ಸಲ ಬೈಲಾ ತಿದ್ದುಪಡಿ ಬಗ್ಗೆ ಸಭೆಗೆ ಮುಂಚೆಯೇ ಅರ್ಜಿ ಕೊಡಿ, "ವಾಸ ಅಥವಾ ಜಮೀನು" ಅನ್ನೋ ಮೂರು ಪದ ಸೇರಿಸೋಕೆ ಕೇಳಿ. ನಿಮ್ಮ ಮನೆಯಲ್ಲೂ ಅಕ್ಕನೋ ತಂಗಿಯೋ ತವರಿನ ಪಾಲಿಗೆ ಬೆಳೆಸಾಲ ಕೇಳಿ ಬರಿಗೈಲಿ ವಾಪಸ್ ಬಂದಿದ್ರೆ ಆ ಪಹಣಿ, ಆಧಾರ್ ಜೆರಾಕ್ಸ್ ಜೊತೆಗೆ ಇಟ್ಕೊಂಡು ಹೋಗಿ. ನಮ್ಮ ಸೊಸೈಟಿಯಲ್ಲಿ ನಾನು ಅರ್ಜಿ ಬರೆದಿಟ್ಟಿದ್ದೀನಿ. ಸಹಿ ಹಾಕೋರು ಬೆಳಗ್ಗೆ ಎಂಟರೊಳಗೆ ತೋಟದ ಹತ್ರ ಬನ್ನಿ, ಆಮೇಲೆ ಗದ್ದೆ ಕಡೆ ಹೋಗಿರ್ತೀನಿ.