ಒಂದು ತಂಬಿಗೆ ನೀರಿನ ಲೆಕ್ಕ

ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಲ್ಲಿ ನಿವೃತ್ತ ಮೇಷ್ಟರೊಬ್ಬರ ಮನೆಯಲ್ಲಿ ಹಳೆಯ ಡೀಸೆಲ್ ಕಾರೊಂದುಂಟು. ವಾರಕ್ಕೊಮ್ಮೆ ಅದರ ಬಾನೆಟ್ಟನ್ನೆತ್ತಿ, ಕೂಲೆಂಟ್ ಡಬ್ಬಿಗೆ ಒಂದು ತಂಬಿಗೆ ಬೋರ್‌ವೆಲ್ ನೀರನ್ನು ಸುರಿಯುವುದು ಅವರಿಗೆ ತುಳಸಿಗೆ ನೀರೆರೆಯುವಷ್ಟೇ ಸಹಜವಾಗಿ ಹೋಗಿತ್ತು. ಕಾರು ನಿಲ್ಲುವ ಜಾಗದಲ್ಲಿ ಒಂದು ಹನಿ ತೇವವಿಲ್ಲ, ಓಡಾಟಕ್ಕೆ ತೊಂದರೆಯಿಲ್ಲ. ‘ಹಳೇ ಗಾಡಿ, ಸ್ವಲ್ಪ ನೀರು ಕುಡಿಯುತ್ತೆ’ ಎಂದು ಮೇಷ್ಟರು ನಕ್ಕು ಸುಮ್ಮನಾಗುತ್ತಿದ್ದರು.

ಆ ನಗು ನಿಂತದ್ದು ಮಲೆ ಮಹದೇಶ್ವರ ಬೆಟ್ಟದ ದಾರಿಯಲ್ಲಿ. ಹರಕೆ ತೀರಿಸಲು ಮನೆಮಂದಿಯೆಲ್ಲ ಹೊರಟಿದ್ದರು. ಕೊಳ್ಳೇಗಾಲ, ಹನೂರುಗಳನ್ನು ದಾಟಿ, ತಾಳಬೆಟ್ಟದಿಂದ ಘಟ್ಟವನ್ನೇರುತ್ತಿದ್ದಂತೆ ಶಾಖದ ಮುಳ್ಳು ಕೆಂಪುಗೆರೆಯನ್ನು ಮುಟ್ಟಿತು. ಕಾರನ್ನು ಬದಿಗೆ ನಿಲ್ಲಿಸಿ ಇಳಿದ ಮೊಮ್ಮಗನು ಕೈಗೊಂದು ಬಟ್ಟೆ ಸುತ್ತಿಕೊಂಡು ಡಬ್ಬಿಯ ಮುಚ್ಚಳಕ್ಕೆ ಕೈಹಾಕಿದನು. ಹಿಂದಿನ ಸೀಟಿನಿಂದ ಅಜ್ಜಿ ಕೂಗಿಕೊಂಡರು: “ಕುಕ್ಕರ್ ಇಳಿಸಿದ ಗಳಿಗೇಲೇ ಮುಚ್ಚಳ ಬಿಚ್ತಾರಾ ಮಗ? ಆವಿ ಮುಖಕ್ಕೆ ಹೊಡೆದಾತು, ಬಿಡು!”

ಅಜ್ಜಿ ಇಂಜಿನಿಯರಿಂಗ್ ಓದಿದವರಲ್ಲ. ಆದರೂ ಅವರ ಮಾತಿನಲ್ಲಿ ಭೌತಶಾಸ್ತ್ರವಿತ್ತು. ಮುಚ್ಚಿದ ಪಾತ್ರೆಯಲ್ಲಿ ಒತ್ತಡ ಹೆಚ್ಚಿದಷ್ಟೂ ನೀರು ಕುದಿಯುವ ಉಷ್ಣತೆಯೂ ಹೆಚ್ಚುತ್ತದೆ. 1679ರಲ್ಲಿ ಡೆನಿ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿಯು ರಚಿಸಿದ, ಇಂದಿನ ಕುಕ್ಕರಿನ ಪೂರ್ವಜವೆನ್ನಬಹುದಾದ ಪಾತ್ರೆಯೂ ಇದೇ ತತ್ತ್ವದ್ದು. ಸಮುದ್ರಮಟ್ಟದಲ್ಲಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ನೀರು, ಹೊರಗಿನ ಗಾಳಿಗಿಂತ ಸುಮಾರು 1 ಬಾರ್ ಅಧಿಕ ಒತ್ತಡವಿದ್ದರೆ 120 ಡಿಗ್ರಿಯವರೆಗೆ ಕುದಿಯದೆ ನಿಲ್ಲಬಲ್ಲದು. ಕಾರಿನ ಮುಚ್ಚಳದೊಳಗಿನ ಸ್ಪ್ರಿಂಗು ಕುಕ್ಕರಿನ ತೂಕದ ಕೆಲಸವನ್ನೇ ಮಾಡುತ್ತದೆ. ಬಿಸಿಯಿದ್ದಾಗ ಅದನ್ನು ಬಿಚ್ಚಿದರೆ ಒತ್ತಡವು ಒಮ್ಮೆಲೇ ಕುಸಿದು, ಅದುವರೆಗೆ ತೆಪ್ಪಗಿದ್ದ ನೀರು ಕ್ಷಣಮಾತ್ರದಲ್ಲಿ ಕುದಿದು ಚಿಮ್ಮುತ್ತದೆ. ಕೈಗೆ ಸುತ್ತಿದ ಬಟ್ಟೆ ಮುಖವನ್ನು ಕಾಯಲಾರದು.

ಇಂಜಿನನ್ನು ನಿಲ್ಲಿಸಿ ಎಲ್ಲರೂ ನೆರಳಿನಲ್ಲಿ ಕುಳಿತರು. ರೇಡಿಯೇಟರಿನ ರಬ್ಬರ್ ಕೊಳವೆ ತಣ್ಣಗಾಗಿ, ಅಮುಕಿದರೆ ಮೆತ್ತಗೆನಿಸಿದ ಮೇಲೆಯೇ ಮುಚ್ಚಳ ತೆಗೆದು, ನಿಧಾನವಾಗಿ ನೀರು ತುಂಬಿಸಿದರು. ಹರಕೆಯನ್ನು ಮುಂದಕ್ಕೆ ಹಾಕಿ, ಮೆಲ್ಲಗೆ ಊರಿಗೆ ಹಿಂದಿರುಗಿದರು.

ಊರಿನಲ್ಲಿ ತೀರ್ಪು ಸಿದ್ಧವಾಗಿತ್ತು: “ಹೆಡ್ ಗ್ಯಾಸ್ಕೆಟ್ ಹೋಗಿದೆ ಮೇಷ್ಟ್ರೇ. ಇಂಜಿನ್ ಬಿಚ್ಚಿಸೋದಕ್ಕಿಂತ ಗಾಡಿ ಮಾರೋದೇ ಮೇಲು.” ಪಿಂಚಣಿಯ ಹಣದಲ್ಲಿ ಇಂಜಿನ್ ಬಿಚ್ಚಿಸುವುದೆಂದರೆ ಹಗುರವಾದ ಮಾತಲ್ಲ, ಅವರು ಮಾರಲು ಮನಸ್ಸು ಮಾಡಿಯೂ ಇದ್ದರು. ಆದರೂ ಕೊನೆಯದಾಗಿ ಮಳವಳ್ಳಿಯ ಮೆಕ್ಯಾನಿಕ್ಕೊಬ್ಬನಿಗೆ ತೋರಿಸಿದರು. ಅವನು ಸ್ಪ್ಯಾನರನ್ನು ಮುಟ್ಟುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: “ಎಷ್ಟು ದಿನಕ್ಕೆ ಎಷ್ಟು ನೀರು ಹಾಕ್ತಿದ್ರಿ ಸಾರ್?”

ಮೊದಲು ಮುಚ್ಚಳದ ಪರೀಕ್ಷೆ. ಅದರ ಸ್ಪ್ರಿಂಗು ಸೋತಿದ್ದರೆ, ರಬ್ಬರ್ ಉಂಗುರ ಒಣಗಿದ್ದರೆ ಒತ್ತಡ ನಿಲ್ಲದೆ ನೀರು ಬೇಗ ಕುದಿದು ಹೊರಬೀಳುತ್ತದೆ. ಆಗ ಹೊಸ ಮುಚ್ಚಳದಲ್ಲೇ ಕೆಲಸ ಮುಗಿಯುತ್ತದೆ. ಇಲ್ಲಿ ಮುಚ್ಚಳ ಸರಿಯಾಗಿತ್ತು. ಅನಂತರ, ತಣ್ಣಗಿದ್ದ ಇಂಜಿನಿನ ಡಬ್ಬಿಯ ಬಾಯಿಗೆ ಮಾಪಕವಿದ್ದ ಕೈಪಂಪನ್ನು ಜೋಡಿಸಿ, ಮುಚ್ಚಳದ ಮೇಲೆ ನಮೂದಿಸಿರುವಷ್ಟೇ ಒತ್ತಡವನ್ನು ತುಂಬಿದನು. ಅದಕ್ಕಿಂತ ಹೆಚ್ಚಿಸಿದರೆ ಗಟ್ಟಿಯಾದ ಭಾಗವೂ ಒಡೆದೀತು. ಸೋರಿಕೆಯಿಲ್ಲದಿದ್ದರೆ ಮುಳ್ಳು ಕದಲದೆ ನಿಲ್ಲಬೇಕು. ಕಾಲು ಗಂಟೆಯಲ್ಲಿ ಅದು ಮೆಲ್ಲನೆ ಕೆಳಗಿಳಿಯಿತು. ಆದರೆ ರೇಡಿಯೇಟರು, ಕೊಳವೆಗಳು, ವಾಟರ್ ಪಂಪಿನ ಕೆಳಭಾಗ, ಕಾರಿನೊಳಗೆ ಹೀಟರಿನ ಕೆಳಗಿನ ಜಮಖಾನೆ, ಎಲ್ಲವೂ ಒಣಗಿದ್ದವು. ಎಂದಮೇಲೆ ಸೋರಿಕೆ ಒಳಗಡೆಯೇ.

“ಹಾಗಾದರೆ ಗ್ಯಾಸ್ಕೆಟ್ಟೇ!” ಎಂದು ಮೇಷ್ಟರು ನಿಟ್ಟುಸಿರಿಟ್ಟರು.

“ಅದನ್ನೂ ಕೇಳಿಯೇ ಬಿಡೋಣ ಸಾರ್” ಎಂದನು ಮೆಕ್ಯಾನಿಕ್ಕು. ಡೀಸೆಲ್ ಇಂಜಿನಿನ ಸಿಲಿಂಡರಿನೊಳಗೆ ಇಂಧನ ಉರಿಯುವಾಗ ಒತ್ತಡವು 100 ಬಾರನ್ನೂ ಮೀರುವುದುಂಟು. ಕೂಲೆಂಟಿನ ಒತ್ತಡವೋ ಒಂದೂವರೆ ಬಾರನ್ನು ದಾಟುವುದು ಅಪರೂಪ. ನಡುವಣ ಗ್ಯಾಸ್ಕೆಟ್ಟು ಬಿರಿದರೆ ಆ ಅನಿಲವು ನೀರಿಗೆ ನುಗ್ಗಿ, ತಣ್ಣಗಿನ ಇಂಜಿನನ್ನು ಚಾಲೂ ಮಾಡಿದ ಒಂದೆರಡು ನಿಮಿಷದಲ್ಲೇ ರೇಡಿಯೇಟರಿನ ಕೊಳವೆ ಕಲ್ಲಿನಂತಾಗುತ್ತದೆ. ಡಬ್ಬಿಯಲ್ಲಿ ಎಡೆಬಿಡದೆ ಗುಳ್ಳೆಗಳೇಳುತ್ತವೆ. ಇಲ್ಲಿ ಅವೆರಡೂ ಇರಲಿಲ್ಲ. ಇಂಜಿನ್ ಆಯಿಲು ಹಾಲು ಬೆರೆತ ಕಾಫಿಯಂತೆ ತಿರುಗಿರಲಿಲ್ಲ. ಡಬ್ಬಿಯ ಬಾಯಿಯ ಗಾಳಿಯನ್ನು ಹಾಯಿಸಿದಾಗ, ಹೊಗೆಯಿದ್ದರೆ ಬಣ್ಣಗೆಡುವ ನೀಲಿ ದ್ರವವೂ ನೀಲಿಯಾಗಿಯೇ ಉಳಿಯಿತು.

ಆಗ ಮೇಷ್ಟರಿಗೆ ಅಜ್ಜಿಯ ಇನ್ನೊಂದು ಮಾತು ನೆನಪಾಯಿತು. ಬೆಳಗ್ಗೆ ಕಾರು ಚಾಲೂ ಆದಾಗಲೆಲ್ಲ ಬಿಳಿಯ ಹೊಗೆಯೊಂದಿಗೆ ‘ಆಲೆಮನೆ ವಾಸನೆ’ ಬರುವುದೆಂದು ಆಕೆ ಹೇಳುತ್ತಿದ್ದರು. ಕೇಳಿದೊಡನೆ ಮೆಕ್ಯಾನಿಕ್ಕಿನ ಮುಖ ಅರಳಿತು. ಇಂದಿನ ಡೀಸೆಲ್ ಕಾರುಗಳಲ್ಲಿ ಮಾಲಿನ್ಯವನ್ನು ತಗ್ಗಿಸಲು ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನಿಗೇ ಹರಿಸುತ್ತಾರೆ. ಆ ಹೊಗೆಯನ್ನು ತಣಿಸುವ ಇ.ಜಿ.ಆರ್. ಕೂಲರಿನಲ್ಲಿ ಒಂದು ಕಡೆ ಹೊಗೆ, ಮತ್ತೊಂದು ಕಡೆ ಕೂಲೆಂಟ್. ನಡುವೆ ತೆಳುವಾದ ಲೋಹದ ಗೋಡೆ. ಹೊಗೆಯ ಕಡೆಯ ಕೊಳವೆಯನ್ನು ಬಿಚ್ಚಿ ಮತ್ತೆ ಒತ್ತಡ ತುಂಬಿದಾಗ, ಒಣಗಿರಬೇಕಾದ ಬಾಯಲ್ಲಿ ಹನಿಯೊಂದು ಮೂಡಿತು. ವಾರವಾರವೂ ಸುರಿದ ತಂಬಿಗೆ ನೀರು ಹೊಗೆಯೊಡನೆ ಆವಿಯಾಗಿ ಹೋಗುತ್ತಿತ್ತು!

ಇದು ಉಪೇಕ್ಷಿಸುವಂಥ ಸೋರಿಕೆಯಲ್ಲ. ಆ ನೀರು ಸಿಲಿಂಡರಿನಲ್ಲಿ ಮಡುಗಟ್ಟಿದರೆ, ಗಾಳಿಯಂತೆ ಅದು ಕುಗ್ಗದಾದ್ದರಿಂದ, ಇಂಜಿನಿನ ಕನೆಕ್ಟಿಂಗ್ ರಾಡೇ ಬಾಗೀತು. 2018ರಲ್ಲಿ ದಕ್ಷಿಣ ಕೊರಿಯದಲ್ಲಿ ಬಿ.ಎಂ.ಡಬ್ಲ್ಯು. ಡೀಸೆಲ್ ಕಾರುಗಳು ಬೆಂಕಿ ಹತ್ತಿ ಉರಿದಾಗ ಬೆರಳು ತೋರಿದ್ದೂ ಇದೇ ಕೂಲರಿನ ಸೋರಿಕೆಯತ್ತ. ಲಕ್ಷಕ್ಕೂ ಮಿಕ್ಕಿದ ಕಾರುಗಳನ್ನು ದುರಸ್ತಿಗಾಗಿ ಹಿಂದಕ್ಕೆ ಕರೆಸಬೇಕಾಯಿತು.

ಮೇಷ್ಟರ ಕಾರಿನ ಕೂಲರು ಬದಲಾಯಿತು, ಇಂಜಿನಿನ ತಲೆ ಬಿಚ್ಚಲಿಲ್ಲ, ಕಾರು ಮಾರಾಟವಾಗಲಿಲ್ಲ. ಲವಣ ಕಟ್ಟುವ ಬೋರ್‌ವೆಲ್ ನೀರಿನ ಬದಲು, ಕಾರಿನ ಕೈಪಿಡಿ ಹೇಳಿದ ಕೂಲೆಂಟನ್ನು ಬಟ್ಟಿಯಿಳಿಸಿದ ನೀರಿನೊಡನೆ ಸಮಸಮವಾಗಿ ಬೆರೆಸಿ ತುಂಬಿದರು. ಮಿಕ್ಕ ಡಬ್ಬಿಯನ್ನು ಅಜ್ಜಿ ಮಕ್ಕಳ ಕೈಗೆಟುಕದ ಅಟ್ಟದ ಮೇಲಿರಿಸಿದರು. ಅದೇಕೆಂದರೆ ಕೂಲೆಂಟಿನ ರುಚಿ ಸಿಹಿ, ಗುಣ ವಿಷ.

ವಿಶ್ವೇಶ್ವರಯ್ಯ ನಾಲೆಯ ಕಡೆಭಾಗದ ರೈತನು ಗದ್ದೆಗೆ ನೀರು ಬಾರದಿದ್ದರೆ, ಏರಿಯ ಮೇಲೆ ಹಿಂದಕ್ಕೆ ನಡೆದು ಎಲ್ಲಿ ಒಡೆದಿದೆಯೆಂದು ನೋಡುತ್ತಾನೆ. ಮುಚ್ಚಿದ ಡಬ್ಬಿಯ ನೀರೂ ಹಾಗೆಯೇ: ಕಡಮೆಯಾಯಿತೆಂದರೆ ಎಲ್ಲಿಗೋ ಹೋಗಿದೆಯೆಂದೇ ಅರ್ಥ. ಸುರಿದ ಪ್ರತಿಯೊಂದು ತಂಬಿಗೆಯೂ ಆ ಪ್ರಶ್ನೆಯನ್ನು ಮುಂದಿನ ವಾರಕ್ಕೆ ತಳ್ಳುತ್ತದೆಯೇ ಹೊರತು ಉತ್ತರಿಸುವುದಿಲ್ಲ.

ಈಗ ಮೇಷ್ಟರ ಕಾರಿನಲ್ಲೊಂದು ಚಿಕ್ಕ ಪುಸ್ತಕವಿದೆ; ತಾರೀಖು, ನೀರಿನ ಮಟ್ಟ, ಅಷ್ಟೇ. ಹರಕೆ ತೀರಿಸಿ ಬಂದ ದಿನ ಅದರಲ್ಲಿ ಬರೆದಿರುವುದು: ‘ಬೆಟ್ಟ ಹತ್ತಿ ಇಳಿದಾಯಿತು. ಮಟ್ಟ ಇದ್ದಲ್ಲೇ ಇದೆ.’