ಸರ್ಟಿಫಿಕೇಟ್ ಮಾರಿದವರು ವೀಸಾದ ಮಾತೇ ಎತ್ತಲಿಲ್ಲ

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ.

ಕಳೆದ ವರ್ಷ ರಾಣೆಬೆನ್ನೂರಿನಲ್ಲಿ ಒಂದು ‘ಉಚಿತ ಕಾರ್ಯಾಗಾರ’ ನಡೆಯಿತು. ವಿದೇಶದಲ್ಲಿ ಇಂಗ್ಲಿಷ್ ಶಿಕ್ಷಕರಾಗಿ ತಿಂಗಳಿಗೆ ಲಕ್ಷ ಗಳಿಸಿ ಅನ್ನುವುದು ಅದರ ವಿಷಯ. ಸಂಘಟಕರು ವಾಟ್ಸಾಪಿನಲ್ಲಿ ಪತ್ರಿಕಾ ಪ್ರಕಟಣೆ ಕಳಿಸಿದರು, ಜೊತೆಗೆ ದೀಪ ಹಚ್ಚುವ ಫೋಟೊ. ನಾನು ಅಲ್ಲಿಗೆ ಹೋಗಲೂ ಇಲ್ಲ. ನಾಲ್ಕು ಸಾಲು ತಿದ್ದಿ ಸುದ್ದಿ ಮಾಡಿ ಕಳಿಸಿದೆ. ಜಿಲ್ಲಾ ಪುಟದಲ್ಲಿ ಮೂರು ಕಾಲಂ ಬಂತು. ಸುದ್ದಿಗೆ ಇಷ್ಟು ಅಂತ ದುಡ್ಡು ಎಣಿಸುವ ಸ್ಟ್ರಿಂಗರ್‌ಗೆ ಮೂರು ಕಾಲಂ ಸಣ್ಣದಲ್ಲ.

ಎಂಟು ತಿಂಗಳಾದ ಮೇಲೆ ಒಬ್ಬ ಹುಡುಗಿ ಫೋನ್ ಮಾಡಿದಳು. ‘ಅಣ್ಣಾರ, ಪೇಪರಿನ್ಯಾಗ ಬಂದೈತಿ ಅಂತ ನಂಬಿ ದುಡ್ಡು ಕಟ್ಟೀನ್ರಿ. ಈಗ ಮತ್ತ ಒಂದು ಲಕ್ಷ ಕೇಳಾಕತ್ತಾರ. ಕಟ್ಟಲೋ ಬ್ಯಾಡೋ ನೀವ ಹೇಳ್ರಿ.’

ಆಕೆ ಬಿ.ಎ. ಮುಗಿಸಿದವಳು. ಊರ ಹತ್ತಿರದ ಖಾಸಗಿ ಶಾಲೆಯಲ್ಲಿ ಏಳು ಸಾವಿರ ಸಂಬಳಕ್ಕೆ ಇಂಗ್ಲಿಷ್ ಪಾಠ ಮಾಡುತ್ತಿದ್ದಳು. ಅಪ್ಪ ಗೋವಿನಜೋಳ ಮಾರಿದ ದುಡ್ಡು ಒಂದಿಷ್ಟು, ಅವ್ವ ಸಂಘದಲ್ಲಿ ತೆಗೆದ ಸಾಲ ಒಂದಿಷ್ಟು ಸೇರಿಸಿ ₹22,000 ಕಟ್ಟಿದ್ದರು. ಕೈಗೆ ಬಂದದ್ದು 120 ಗಂಟೆಯ ‘ಟೆಫ್ಲ್’ ಸರ್ಟಿಫಿಕೇಟ್. ಮೊಬೈಲಿನಲ್ಲೇ ಓದಿ, ಮೊಬೈಲಿನಲ್ಲೇ ಪರೀಕ್ಷೆ ಬರೆದು ಪಡೆದದ್ದು. ಆಮೇಲೆ ಆಕೆ ನಾಲ್ಕು ತಿಂಗಳು ಕೂತು ಕೊರಿಯಾ, ಥಾಯ್ಲೆಂಡ್, ವಿಯೆಟ್ನಾಂ, ಚೀನಾ ಅಂತ ಅರ್ಜಿ ಹಾಕಿದಳು. ಹೆಚ್ಚಿನವರು ಉತ್ತರವನ್ನೇ ಕೊಡಲಿಲ್ಲ. ಕೊಟ್ಟವರು ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು?

ಆಕೆಯ ಇಂಗ್ಲಿಷ್ ಹೇಗಿದೆ ಅಂತ ಯಾರೂ ಕೇಳಲಿಲ್ಲ. ಈ ಲೇಖನ ಬರೆಯಲು ಅದೇ ಕಾರಣ.

ಟೆಫ್ಲ್ ಅಂದರೆ ಇಂಗ್ಲಿಷ್ ಮಾತಾಡದ ನಾಡಿನವರಿಗೆ ಇಂಗ್ಲಿಷ್ ಕಲಿಸುವ ತರಬೇತಿ. ಅದು ಯಾವುದೋ ಒಂದು ವಿಶ್ವವಿದ್ಯಾಲಯದ ಪದವಿ ಅಲ್ಲ. ಆ ಹೆಸರಿಟ್ಟುಕೊಂಡು ಯಾರು ಬೇಕಾದರೂ ಕೋರ್ಸ್ ನಡೆಸಬಹುದು, ಸರ್ಟಿಫಿಕೇಟ್ ಅಚ್ಚು ಹಾಕಬಹುದು. ಇದರಲ್ಲಿ ಒಳ್ಳೆಯವೂ ಇವೆ. ಕೇಂಬ್ರಿಜ್‌ನವರ ‘ಸೆಲ್ಟಾ’ ಕೋರ್ಸಿನಲ್ಲಿ ನಿಜವಾದ ವಿದ್ಯಾರ್ಥಿಗಳ ಮುಂದೆ ನಿಂತು 6 ಗಂಟೆ ಪಾಠ ಮಾಡಬೇಕು, ತರಬೇತುದಾರರು ಹಿಂದೆ ಕೂತು ನೋಡಿ ತಪ್ಪು ತಿದ್ದುತ್ತಾರೆ. ನಮ್ಮ ಹುಡುಗಿಗೆ ಕೊಟ್ಟ ಕೋರ್ಸಿನಲ್ಲಿ ಒಬ್ಬ ವಿದ್ಯಾರ್ಥಿಯ ಮುಖವನ್ನೂ ತೋರಿಸಲಿಲ್ಲ. ಎರಡರ ಮೇಲೂ ‘120 ಗಂಟೆ’ ಅಂತಲೇ ಇರುತ್ತದೆ. ಓದುವ ಅಪ್ಪ-ಅವ್ವನಿಗೆ ವ್ಯತ್ಯಾಸ ಹೇಗೆ ಗೊತ್ತಾಗಬೇಕು?

ಸರಿ, ಒಳ್ಳೆಯ ಕೋರ್ಸನ್ನೇ ಮಾಡಿದಳು ಅಂದುಕೊಳ್ಳಿ. ಆಗಲೂ ಬಾಗಿಲು ತೆಗೆಯುವುದು ಸರ್ಟಿಫಿಕೇಟ್ ಅಲ್ಲ, ವೀಸಾ. ಕರಪತ್ರದಲ್ಲಿ ಈ ಮಾತೇ ಇರುವುದಿಲ್ಲ.

ದಕ್ಷಿಣ ಕೊರಿಯಾವನ್ನೇ ನೋಡಿ. ಕಾರ್ಯಾಗಾರದ ಬ್ಯಾನರಿನಲ್ಲಿ ಮೊದಲ ಚಿತ್ರ ಅದರದ್ದೇ ಇತ್ತು. ಅಲ್ಲಿ ಇಂಗ್ಲಿಷ್ ಕಲಿಸಲು ಇ-2 ಅನ್ನುವ ವೀಸಾ ಬೇಕು. ಅದು ಮುಖ್ಯವಾಗಿ 7 ದೇಶಗಳವರಿಗೆ: ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್, ದಕ್ಷಿಣ ಆಫ್ರಿಕಾ. ಕೊನೆಯ ಹೆಸರು ಗಮನಿಸಿ. ದಕ್ಷಿಣ ಆಫ್ರಿಕಾದಲ್ಲಿ ಮನೆಯೊಳಗೆ ಇಂಗ್ಲಿಷ್ ಮಾತಾಡುವವರು ನೂರಕ್ಕೆ ಹತ್ತು ಮಂದಿಯೂ ಇಲ್ಲ, ಅಲ್ಲಿನ ಜನಗಣತಿಯೇ ಹೇಳುತ್ತದೆ. ಆದರೂ ಆ ದೇಶ ‘ಇಂಗ್ಲಿಷ್ ಮಾತೃಭಾಷೆಯ’ ಪಟ್ಟಿಯಲ್ಲಿದೆ. ಹೈಕೋರ್ಟನ್ನೇ ಇಂಗ್ಲಿಷಿನಲ್ಲಿ ನಡೆಸುವ ನಾವು ಆ ಪಟ್ಟಿಯಲ್ಲಿಲ್ಲ. ಹಾಗಿದ್ದ ಮೇಲೆ ಆ ಪಟ್ಟಿ ಅಳೆಯುವುದು ಭಾಷೆಯನ್ನಲ್ಲ, ಪಾಸ್‌ಪೋರ್ಟನ್ನು.

ಭಾರತದವರಿಗೆ ಅಲ್ಲಿ ಒಂದು ಸಣ್ಣ ಕಿಟಕಿ ಇದೆ. 2010ರಲ್ಲಿ ಜಾರಿಗೆ ಬಂದ ಭಾರತ-ಕೊರಿಯಾ ಒಪ್ಪಂದದಲ್ಲಿ ನಮ್ಮವರು ಶಾಲೆಗಳಲ್ಲಿ ಸಹಾಯಕ ಇಂಗ್ಲಿಷ್ ಶಿಕ್ಷಕರಾಗಲು ಅವಕಾಶ ಇಟ್ಟಿದ್ದಾರೆ. ಅದಕ್ಕೆ ಪದವಿಯ ಜೊತೆ ಶಿಕ್ಷಕರ ಅರ್ಹತೆ ಬೇಕು. ಮೊಬೈಲ್ ಟೆಫ್ಲ್ ಅಲ್ಲಿ ನಡೆಯುವುದಿಲ್ಲ.

ಥಾಯ್ಲೆಂಡ್ ಸ್ವಲ್ಪ ಸಡಿಲ. ಅಲ್ಲಿ ಭಾರತದವರೂ ಫಿಲಿಪ್ಪೀನ್ಸಿನವರೂ ಇಂಗ್ಲಿಷ್ ಕಲಿಸುತ್ತಾರೆ. ಆದರೆ ಪದವಿ ಬೇಕು, ಟೋಯಿಕ್ ಅಥವಾ ಐಇಎಲ್‌ಟಿಎಸ್‌ನಂಥ ಪರೀಕ್ಷೆಯ ಅಂಕ ಬೇಕು, ಶಾಲೆಯೇ ಮಾಡಿಸಿಕೊಡುವ ಕೆಲಸದ ವೀಸಾ ಮತ್ತು ಪರವಾನಗಿ ಬೇಕು. ಒಂದೇ ತರಗತಿ, ಒಂದೇ ಪಾಠ ಇದ್ದರೂ ಬಿಳಿ ಚರ್ಮದ ಶಿಕ್ಷಕನಿಗೆ ಹೆಚ್ಚು ಸಂಬಳ, ಫಿಲಿಪ್ಪೀನ್ಸಿನ ಶಿಕ್ಷಕಿಗೆ ಕಡಿಮೆ. ಅಲ್ಲಿ ಇದನ್ನು ಯಾರೂ ಮುಚ್ಚಿಡುವುದೂ ಇಲ್ಲ. ವಿಯೆಟ್ನಾಂನಲ್ಲೂ ಪದವಿ, ಪಾಠದ ಸರ್ಟಿಫಿಕೇಟ್, ಮುದ್ರೆ ಬಿದ್ದ ದಾಖಲೆ ಎಲ್ಲ ಕೇಳಿದ ಮೇಲೇ ಕೆಲಸದ ಪರವಾನಗಿ.

ಇದು ಅನ್ಯಾಯವೇ. ನನಗೂ ಸಿಟ್ಟಿದೆ. ಚೆನ್ನಾಗಿ ಪಾಠ ಮಾಡುವ ನಮ್ಮ ಹುಡುಗಿಯನ್ನು ಬಿಟ್ಟು, ಯಾವತ್ತೂ ಸೀಮೆಸುಣ್ಣ ಹಿಡಿಯದ ಇನ್ನೊಬ್ಬನನ್ನು ಪಾಸ್‌ಪೋರ್ಟ್ ನೋಡಿ ಕರೆಯುವುದು ಯಾವ ನ್ಯಾಯ? ಆದರೆ ಆ ನಿಯಮವನ್ನು ನಾನೂ ನೀವೂ ಬದಲಿಸಲಾರೆವು. ನಮ್ಮ ಕೈಲಿರುವ ಪ್ರಶ್ನೆ ಬೇರೆ. ಕೊರಿಯಾದ ನಿಯಮ ಕೊರಿಯಾದವರು ಬಚ್ಚಿಟ್ಟಿಲ್ಲ. ರಾಣೆಬೆನ್ನೂರಿನಲ್ಲಿ ಕೋರ್ಸ್ ಮಾರುವವರಿಗೆ ಅದು ಗೊತ್ತಿಲ್ಲವೇ? ಗೊತ್ತಿದೆ. ಗೊತ್ತಿದ್ದೂ ಬ್ಯಾನರಿನಲ್ಲಿ ಕೊರಿಯಾದ ಚಿತ್ರ ಹಾಕಿದರು. ನನ್ನ ಸಿಟ್ಟು ಅವರ ಮೇಲೆ.

ನಾನು ಆಕೆಯ ರಸೀದಿ ತರಿಸಿ ನೋಡಿದೆ. ‘ತರಬೇತಿ ಶುಲ್ಕ’ ಅಂತಷ್ಟೇ ಇದೆ. ಕೆಲಸ ಅನ್ನುವ ಮಾತು ಎಲ್ಲೂ ಇಲ್ಲ. ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ‘ಉದ್ಯೋಗ’, ಅದರ ಕೆಳಗೆ ಇರುವೆ ಗಾತ್ರದಲ್ಲಿ ‘ನೆರವು’. ಅವರ ಕಚೇರಿಗೆ ಹೋಗಿ ಕೇಳಿದರೆ, ‘ಸರ್, ನಾವು ಕಲಿಸೋರು ಅಷ್ಟೆ, ಕಳಿಸೋರಲ್ಲ’ ಅಂದರು. ಹಾಗಾದರೆ ಒಂದು ಲಕ್ಷ ಯಾತಕ್ಕೆ ಅಂದೆ. ಅದು ಬೇರೆ ಪಾರ್ಟಿ ಅಂತೆ. ಆ ‘ಬೇರೆ ಪಾರ್ಟಿ’ ಹುಡುಗಿಗೆ ಫೋನಿನಲ್ಲಿ ಹೇಳಿದ್ದು ಹೀಗೆ: ಈಗ ಪ್ರವಾಸಿಯಾಗಿ ಬ್ಯಾಂಕಾಕ್‌ಗೆ ಹೋಗು, ಶಾಲೆ ಆಮೇಲೆ ನೋಡೋಣ.

ಇಲ್ಲಿಗೆ ಇದು ಬರೀ ದುಡ್ಡಿನ ಮಾತಾಗಿ ಉಳಿಯುವುದಿಲ್ಲ. ಪ್ರವಾಸಿ ವೀಸಾದಲ್ಲಿ ಹೋಗಿ ಪಾಠ ಮಾಡುವುದು ಅಲ್ಲಿ ಅಪರಾಧ. ಸಿಕ್ಕಿಬಿದ್ದರೆ ಜೈಲಿಗೆ ಹೋಗುವವರು ಏಜೆಂಟರಲ್ಲ, ನಮ್ಮ ಮಕ್ಕಳು. ಥಾಯ್ಲೆಂಡಿನಲ್ಲಿ ಒಳ್ಳೆಯ ಕೆಲಸ ಅಂತ ನಂಬಿಸಿ, ಗಡಿ ದಾಟಿಸಿ, ಮ್ಯಾನ್ಮಾರ್‌ನ ಮ್ಯಾವಡ್ಡಿಯ ಸೈಬರ್ ವಂಚನೆ ಅಡ್ಡೆಗಳಲ್ಲಿ ಕೂಡಿಹಾಕಿದ ಪ್ರಕರಣಗಳು ನಿಮಗೆ ನೆನಪಿರಬಹುದು. ವಿದೇಶಾಂಗ ಇಲಾಖೆ 2022ರಲ್ಲೇ ಎಚ್ಚರಿಕೆ ಕೊಟ್ಟಿತ್ತು. 2025ರ ಮಾರ್ಚ್‌ನಲ್ಲಿ 500ಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ವಾಪಸ್ ಕರೆತರಬೇಕಾಯಿತು. ಅಲ್ಲಿ ಸಿಕ್ಕಿಕೊಂಡವರಲ್ಲಿ ಕಂಪ್ಯೂಟರ್ ಕೆಲಸ ಅಂತ ಹೋದವರು ಬಹಳ. ಇಂಗ್ಲಿಷ್ ಬರುವ, ಕೆಲಸವಿಲ್ಲದ, ಪ್ರವಾಸಿಯಾಗಿ ಬ್ಯಾಂಕಾಕ್‌ನಲ್ಲಿ ಇಳಿಯುವ ಹುಡುಗ-ಹುಡುಗಿಯರೇ ಆ ಜಾಲಕ್ಕೆ ಬೇಕು. ಫೋನಿನಲ್ಲಿ ಮಾತಾಡಿದ ಆ ಪಾರ್ಟಿ ಅಂಥವರೇ ಅಂತ ನಾನು ಹೇಳುತ್ತಿಲ್ಲ. ಶಾಲೆಯ ಹೆಸರಿಲ್ಲದೆ ವಿಮಾನ ಹತ್ತಿಸಿದ ಮೇಲೆ ಅಲ್ಲಿ ಇಳಿಯುವಾಗ ಯಾರು ಕಾದಿರುತ್ತಾರೆ ಅಂತ ಇವರೂ ಹೇಳಲಾರರು, ಅಷ್ಟೇ.

ಕಾನೂನು ಇಲ್ಲವೇ? ಇದೆ. 1983ರ ವಲಸೆ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದೆ ಯಾರೂ ವಿದೇಶದ ಕೆಲಸಕ್ಕೆ ಜನರನ್ನು ನೇಮಿಸಿ ಕಳಿಸುವಂತಿಲ್ಲ. ನೋಂದಾಯಿತ ಏಜೆಂಟರೂ ₹30,000 ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಸೇವಾ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಒಂದು ಲಕ್ಷ ಕೇಳಿದ ಕ್ಷಣದಲ್ಲೇ ಗೊತ್ತಾಗಬೇಕಿತ್ತು. ಆದರೆ ಈ ಕಾಯ್ದೆಯಲ್ಲಿ ದಂಡ ಎಷ್ಟು ಗೊತ್ತೇ? ಎರಡು ವರ್ಷದವರೆಗೆ ಜೈಲು ಅಂತೇನೋ ಇದೆ, ದಂಡ ಮಾತ್ರ ₹2,000ದವರೆಗೆ. ಕಾರ್ಯಾಗಾರದ ಬ್ಯಾನರಿಗೂ ಅದಕ್ಕಿಂತ ಹೆಚ್ಚು ಖರ್ಚಾಗಿರುತ್ತದೆ.

ಇನ್ನೊಂದು ತೂತಿದೆ. ಹತ್ತನೇ ತರಗತಿ ಪಾಸಾಗದವರು ಗಲ್ಫ್ ಮುಂತಾದ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಸರ್ಕಾರ ಅವರ ಕಾಗದಪತ್ರ ನೋಡಿ ಅನುಮತಿ ಕೊಡಬೇಕು. ಓದಿದವರಿಗೆ ಆ ತಪಾಸಣೆ ಇಲ್ಲ. ಓದಿದವರು ಮೋಸಹೋಗುವುದಿಲ್ಲ ಅಂತ ಸರ್ಕಾರದ ಲೆಕ್ಕ. ‘ತರಬೇತಿ ಕೇಂದ್ರ’ ಅನ್ನುವ ಬೋರ್ಡು ಹಾಕಿದರೆ ವಲಸೆ ಕಾಯ್ದೆಯೂ ಹತ್ತಿರ ಬರುವುದಿಲ್ಲ. ಹೀಗೆ ಬಿ.ಎ. ಓದಿದ ಹಳ್ಳಿಯ ಹುಡುಗಿಯನ್ನು ಕೇಳುವವರೇ ಇಲ್ಲ. ವಲಸಿಗರ ಸಂರಕ್ಷಣಾಧಿಕಾರಿ ಕೂರುವುದು ಬೆಂಗಳೂರಿನಲ್ಲಿ, ನಮಗೆ ಅದು ಮುನ್ನೂರು ಕಿಲೋಮೀಟರ್ ಆಚೆ. ಕೆಲಸದ ಆಸೆ ತೋರಿಸಿ ಕೋರ್ಸ್ ಮಾರುವವರನ್ನೂ ನೇಮಕಾತಿ ಏಜೆಂಟರಂತೆಯೇ ನೋಂದಣಿಗೆ ತರಬೇಕು. ಜಿಲ್ಲಾಡಳಿತ ಇಂಥ ಕೇಂದ್ರಗಳ ಪಟ್ಟಿಯನ್ನಾದರೂ ಇಡಬೇಕು.

‘ಹಾಗಾದ್ರ ಹಳ್ಳಿ ಹುಡುಗ್ರು ಕನಸ ಕಾಣಬಾರದೇನ್ರಿ?’ ಅಂತ ನೀವು ಕೇಳುತ್ತೀರಿ. ಕೇಳಲೇಬೇಕು. ಏಳು ಸಾವಿರದ ಸಂಬಳದಲ್ಲಿ ಕೊಳೆಯಿರಿ ಅಂತ ಹೇಳಲು ನಾನ್ಯಾರು? ದಾರಿ ಇದೆ, ಆದರೆ ಉದ್ದದ ದಾರಿ. ದುಬೈ, ಮಸ್ಕತ್, ಕುವೈತ್, ರಿಯಾದ್‌ನಲ್ಲಿ ಸಿಬಿಎಸ್‌ಇ ಪಠ್ಯದ ಭಾರತೀಯ ಶಾಲೆಗಳಿವೆ. ಅಲ್ಲಿ ನಿಮ್ಮ ಪಾಸ್‌ಪೋರ್ಟ್ ಅಡ್ಡಿಯಲ್ಲ. ಅವರು ಸಾಮಾನ್ಯವಾಗಿ ಕೇಳುವುದು ವಿಷಯದ ಪದವಿ, ಬಿ.ಎಡ್., ಒಂದೆರಡು ವರ್ಷದ ಅನುಭವ. ಮಾಲ್ಡೀವ್ಸ್ ಶಾಲೆಗಳಲ್ಲಿ ಭಾರತದ ಶಿಕ್ಷಕರು ದಶಕಗಳಿಂದ ಪಾಠ ಮಾಡುತ್ತಿದ್ದಾರೆ. ಇಂಗ್ಲಿಷ್ ಕಲಿಸುವುದನ್ನೇ ಸರಿಯಾಗಿ ಕಲಿಯಬೇಕೆಂದರೆ ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ ಇದೆ, ಬೆಂಗಳೂರಿನ ಜ್ಞಾನಭಾರತಿಯಲ್ಲಿ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. ಇವು ಸರ್ಕಾರದ ಹಣದಲ್ಲಿ ನಡೆಯುವ ಸಂಸ್ಥೆಗಳು. ಇವರು ದೀಪ ಹಚ್ಚಿ ನಮಗೆ ಫೋಟೊ ಕಳಿಸುವುದಿಲ್ಲ, ಅದಕ್ಕೇ ನಾವು ಇವರ ಬಗ್ಗೆ ಬರೆಯುವುದಿಲ್ಲ.

ದುಡ್ಡು ಕಟ್ಟುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಉತ್ತರವನ್ನು ಬರಹದಲ್ಲೇ ಕೇಳಿ.

ಒಂದು, ಯಾವ ದೇಶ, ಯಾವ ವೀಸಾ? ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಆ ವೀಸಾ ಸಿಗುತ್ತದೆಯೇ?

ಎರಡು, ಯಾವ ಶಾಲೆ? ಆ ಶಾಲೆಯ ಫೋನ್ ನಂಬರನ್ನು ನೀವೇ ಹುಡುಕಿ ಮಾತಾಡಿ. ಏಜೆಂಟ್ ಕೊಟ್ಟ ನಂಬರಿಗೆ ಅಲ್ಲ.

ಮೂರು, ಈ ಕೋರ್ಸ್ ಮಾಡಿ ನಿಜವಾಗಿ ಹೋದ ನಮ್ಮ ಜಿಲ್ಲೆಯವರು ಯಾರು? ಅವರ ಜೊತೆ ವಿಡಿಯೊ ಕಾಲ್ ಮಾಡಿಸಿ.

ನಾಲ್ಕು, ಏಜೆಂಟರ ನೋಂದಣಿ ಸಂಖ್ಯೆ ಏನು? ಅದನ್ನು ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ಪ್ರವಾಸಿ ಭಾರತೀಯ ಸಹಾಯ ಕೇಂದ್ರದ ಉಚಿತ ಸಂಖ್ಯೆ 1800 11 3090ಕ್ಕೆ ಫೋನ್ ಮಾಡಿಯೂ ಕೇಳಬಹುದು.

ನಾಲ್ಕರಲ್ಲಿ ಒಂದಕ್ಕೆ ಉತ್ತರ ಬರದಿದ್ದರೂ ಎದ್ದು ಬನ್ನಿ. ಮೂಲ ಮಾರ್ಕ್ಸ್ ಕಾರ್ಡು, ಪಾಸ್‌ಪೋರ್ಟು ಅವರ ಟೇಬಲ್ ಮೇಲೆ ಬಿಟ್ಟು ಬರಬೇಡಿ.

ಈಗ ನನ್ನಂಥ ವರದಿಗಾರರಿಗೆ ಒಂದು ಮಾತು. ‘ಉಚಿತ ಕಾರ್ಯಾಗಾರ’ ಅಂತ ಪ್ರಕಟಣೆ ಬಂದಾಗ ಅದು ಸುದ್ದಿಯಲ್ಲ, ಜಾಹೀರಾತು. ಜಾಹೀರಾತಿಗೆ ಜನ ಅಷ್ಟು ಸುಲಭಕ್ಕೆ ಮರುಳಾಗುವುದಿಲ್ಲ. ಅದೇ ಮಾತು ಸುದ್ದಿಯಾಗಿ ಬಂದರೆ ನಂಬುತ್ತಾರೆ. ಗೋವಿನಜೋಳ ಮಾರುತ್ತಾರೆ, ಸಂಘದಲ್ಲಿ ಸಾಲ ತೆಗೆಯುತ್ತಾರೆ. ಕನಿಷ್ಠ ಒಂದು ಫೋನ್ ಮಾಡಿ, ‘ಇಲ್ಲಿಂದ ಎಷ್ಟು ಮಂದಿ ಹೋಗಿದ್ದಾರೆ’ ಅಂತ ಕೇಳಿ. ನಾನು ಕೇಳಲಿಲ್ಲ.

ಹುಡುಗಿ ಆ ಒಂದು ಲಕ್ಷ ಕಟ್ಟಲಿಲ್ಲ. ಈ ವರ್ಷ ಬಿ.ಎಡ್.ಗೆ ಅರ್ಜಿ ಹಾಕಿದ್ದಾಳೆ. ಕಟ್ಟಿದ ₹22,000 ಇನ್ನೂ ವಾಪಸ್ ಬಂದಿಲ್ಲ, ಸಂಘದ ಕಂತು ಮಾತ್ರ ವಾರ ವಾರ ಹೋಗುತ್ತಿದೆ. ಹಾವೇರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಬರೆದಿದ್ದೇವೆ. ₹5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ದೂರಿನ ಶುಲ್ಕ ಇಲ್ಲ, ವಕೀಲರೂ ಕಡ್ಡಾಯವಲ್ಲ. ಇದನ್ನು ಓದುತ್ತಿರುವವರಲ್ಲಿ ಇನ್ನೂ ಯಾರಾದರೂ ಹೀಗೆ ದುಡ್ಡು ಕಟ್ಟಿದ್ದರೆ ರಸೀದಿ, ಕರಪತ್ರ, ವಾಟ್ಸಾಪ್ ಮೆಸೇಜು ಯಾವುದನ್ನೂ ಅಳಿಸಬೇಡಿ.

ನಮ್ಮ ದೂರಿನ ಜೊತೆ ಮೂರು ದಾಖಲೆ ಲಗತ್ತಿಸಿದ್ದೇವೆ. ರಸೀದಿ, ಕರಪತ್ರ, ಮತ್ತು ಆ ಮೂರು ಕಾಲಂ ಸುದ್ದಿಯ ಕಟಿಂಗ್.